ಗಂಟು ಕಟ್ಟುವ ಕಂಪನಿ, ಹರಾಜು ಕೂಗುವ ಸರ್ಕಾರ

ಚಿತ್ರದುರ್ಗದ ಹೋಟೆಲಿನಲ್ಲಾಗಲಿ, ಹಿರಿಯೂರಿನ ಬಸ್ ನಿಲ್ದಾಣದಲ್ಲಾಗಲಿ, ಹೊಳಲ್ಕೆರೆಯ ಸಂತೆಯಲ್ಲಾಗಲಿ ಕೂಲಿಯ ಮಾತು ಎತ್ತಿದರೆ ಸಾಕು, ಪಕ್ಕದಲ್ಲಿ ಕುಳಿತ ಬುದ್ಧಿವಂತರೊಬ್ಬರು ಬಾಯಿ ಹಾಕುತ್ತಾರೆ: "ಹೆಚ್ಚು ಎಳೆದಾಡಬೇಡಿ ಸ್ವಾಮಿ, ಕಂಪನಿಯವರು ಗಂಟು ಕಟ್ಟಿಕೊಂಡು ಆಂಧ್ರಕ್ಕೆ ಹೋಗಿಬಿಡುತ್ತಾರೆ." ಹೇಳಿದವರು ಕಾಫಿ ಮುಗಿಸಿ ಎದ್ದು ಹೋಗುತ್ತಾರೆ. ಕೇಳಿದ ಕಾರ್ಮಿಕನ ಬಾಯಿ ಮಾತ್ರ ಕಟ್ಟಿಹೋಗುತ್ತದೆ. ಮಂತ್ರಿಗಳ ಭಾಷಣದಲ್ಲಿಯೂ ಇದೇ ಮಾತು, ಮಾಲೀಕರ ಮನವಿಯಲ್ಲಿಯೂ ಇದೇ ಮಾತು. ಹೇಳಿ ಹೇಳಿ ಇದು ಗಾದೆಯಂತಾಗಿದೆ. ಆದುದರಿಂದ ಕಂಪನಿಗಳು ನಿಜವಾಗಿ ಏಕೆ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗುತ್ತವೆ ಎಂಬುದನ್ನು ಒಮ್ಮೆ ಕುಳಿತು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಇದು ಹೊಸ ರೋಗವೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸುತ್ತಿದ್ದರು. ಅವರ ಕಾರ್ಖಾನೆಯಿದ್ದ ಜಾಗ ಹೊಸ ಬಡಾವಣೆಗೆ ಬೇಕೆಂದು ಪುರಸಭೆಯವರು ಅವರನ್ನು ಎಬ್ಬಿಸಿದರು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೈಲು ನಿಲ್ದಾಣದ ಬಳಿ ನೆಲ ಕೊಟ್ಟರು. 1910ರಲ್ಲಿ ಕಳ್ಳಿ ಬೆಳೆದ 32 ಎಕರೆ ಬರಡು ಭೂಮಿಯ ಮೇಲೆ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿ ಕಳೆದುಕೊಂಡದ್ದನ್ನು ಇಂದು ಮಹಾರಾಷ್ಟ್ರಕ್ಕೆ ಸೇರಿದ ಊರು ಪಡೆಯಿತು. ಅಲ್ಲಿ ಯಾವ ಕೂಲಿಗಾರ ಮುಷ್ಕರ ಹೂಡಿದ್ದ? ಯಾವ ಸಂಘ ಬಾವುಟ ಹಾರಿಸಿತ್ತು? ಒಂದು ಕಡೆ ಜಾಗ ಬಿಡಿ ಎಂದರು, ಇನ್ನೊಂದು ಕಡೆ ಬನ್ನಿ ಎಂದರು, ಅಷ್ಟೆ.

ಅದೇ ಮನೆತನದ ಉದ್ಯಮ 1941ರಲ್ಲಿ ಮೈಸೂರು ಸಂಸ್ಥಾನದ ಪ್ರೋತ್ಸಾಹದಿಂದ ಹರಿಹರಕ್ಕೆ ಬಂದಿತು. ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯದೇ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಅತ್ತ ಸೇರಿತು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳನ್ನು ಮುಟ್ಟಿದವು. ಹುಡುಗನಿಗೆ ಅಲ್ಲಿ ಕೆಲಸವೆಂದರೆ ಹೆಣ್ಣು ಕೊಡುವವರು ಮತ್ತೇನನ್ನೂ ವಿಚಾರಿಸುತ್ತಿರಲಿಲ್ಲ. 1991ರ ನಂತರ ಆಮದು ಸುಂಕಗಳು ಇಳಿದವು, ಗಣಕದಿಂದ ನಡೆಯುವ ಹೊರದೇಶದ ಯಂತ್ರಗಳು ಬಂದವು. ಈ ಶತಮಾನದ ಆರಂಭದ ಹೊತ್ತಿಗೆ ಹರಿಹರದ ಕಾರ್ಖಾನೆಯ ಬಾಗಿಲು ಮುಚ್ಚಿತು.

ದಾವಣಗೆರೆಯ ಕಥೆ ಇದಕ್ಕಿಂತ ದೊಡ್ಡದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಅದು. ಸುತ್ತಲಿನ ಕಪ್ಪುನೆಲದ ಹತ್ತಿ, ಗಿರಣಿಯ ಸೈರನ್ನು, ಪಾಳಿ ಬಿಟ್ಟಾಗ ಬೀದಿ ತುಂಬುವ ಜನ ಇವುಗಳಿಂದಲೇ ಊರಿನ ಗಡಿಯಾರ ನಡೆಯುತ್ತಿತ್ತು. ಗಿರಣಿಗಳು ಒಂದೊಂದಾಗಿ ನಿಂತವು. ಅವುಗಳ ಯಂತ್ರಗಳನ್ನು ಯಾರೂ ಲಾರಿಗೆ ಹೇರಿ ಬೇರೆ ರಾಜ್ಯಕ್ಕೆ ಸಾಗಿಸಿ ಅಲ್ಲಿ ನೂಲು ತೆಗೆಯಲಿಲ್ಲ. ಹೋದದ್ದು ಕೆಲಸ. ನೇಯುವ ಕೆಲಸ ಇಚಲಕರಂಜಿ, ಭಿವಂಡಿ, ಸೂರತ್ತುಗಳ ಪವರ್‌ಲೂಮುಗಳಿಗೆ ಹೋಯಿತು. ನೂಲುವ ಕೆಲಸ ಬಹುಮಟ್ಟಿಗೆ ತಮಿಳುನಾಡಿನ ಪಾಲಾಯಿತು. ಬಂಡವಾಳ ಬೇರೆ ವ್ಯಾಪಾರಗಳಿಗೆ ತಿರುಗಿತು. ಇಂದು ಆ ಊರಿನ ಹೆಸರು ಹೇಳಿದರೆ ಹುಡುಗರಿಗೆ ನೆನಪಾಗುವುದು ಕಾಲೇಜು ಮತ್ತು ಬೆಣ್ಣೆದೋಸೆ. ದೋಸೆಯ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಕಂಪನಿ ಹೋಗುವುದೆಂದರೆ ಯಾವಾಗಲೂ ಲಾರಿ ಬಂದು ನಿಲ್ಲುವುದಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಹಳೆಯ ಗಿರಣಿಗೆ ಹೊಸ ಯಂತ್ರ ಹಾಕದೆ ಹತ್ತು ವರ್ಷ ಸುಮ್ಮನಿದ್ದರೆ ಅದು ತಾನೇ ಹೋಗುತ್ತದೆ.

ಗಿರಣಿ ನಿಂತಾಗ ಮೊದಲು ಪೆಟ್ಟು ಬೀಳುವುದು ಕಾರ್ಮಿಕನಿಗೆ. ಎರಡನೆಯ ಪೆಟ್ಟು ಕಿರಾಣಿ ಅಂಗಡಿಗೆ. ಸಂಬಳದ ದಿನ ತೀರಬೇಕಾದ ಉದ್ರಿ ಪುಸ್ತಕ ತೀರುವುದೇ ಇಲ್ಲ. ಕೇಳಲು ಹೋದರೆ ಮನೆಯ ಹೆಂಗಸು ತಲೆ ತಗ್ಗಿಸಿ ನಿಲ್ಲುತ್ತಾಳೆ, ಕೇಳದಿದ್ದರೆ ಸಗಟು ವ್ಯಾಪಾರಿ ಇವನ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನೆ. ಆದ್ದರಿಂದ ಈ ವಿಷಯದಲ್ಲಿ ಕಾರ್ಮಿಕನೂ ಸಣ್ಣ ವರ್ತಕನೂ ಒಂದೇ ಚಾಪೆಯ ಮೇಲೆ ಕುಳಿತವರು.

ಮುಖ್ಯ ಕಚೇರಿ ಹೋಗುವುದೇ ಬೇರೆ, ಕಾರ್ಖಾನೆ ಹೋಗುವುದೇ ಬೇರೆ. ನಾವು ಚಹಾದಲ್ಲಿ ಅದ್ದಿ ತಿನ್ನುವ ಬ್ರಿಟಾನಿಯಾ ಬಿಸ್ಕತ್ತನ್ನೇ ನೋಡಿ. ಕಂಪನಿ 1892ರಲ್ಲಿ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಅದರ ನೋಂದಾಯಿತ ಕಚೇರಿಯ ವಿಳಾಸ ಅಲ್ಲಿಯೇ ಉಳಿದಿದ್ದರೂ ಆಡಳಿತ ನಡೆಸುವ ಕಚೇರಿ ಬೆಂಗಳೂರಿಗೆ ಬಂದು ಕುಳಿತಿತು. 2024ರಲ್ಲಿ ಕಲ್ಕತ್ತೆಯ ತಾರಾತಲಾದ ಹಳೆಯ ಕಾರ್ಖಾನೆ ನಿಂತಿತು. ಮೊದಲು ಸಾಹೇಬರು ಹೋದರು, ಬಹುಕಾಲದ ಮೇಲೆ ಒಲೆ ಆರಿತು. ಕಚೇರಿ ಹೋದರೆ ಏನಂತೆ, ನಾಲ್ಕು ಮೇಜು ಕುರ್ಚಿ ತಾನೆ ಎನ್ನುವವರಿದ್ದಾರೆ. ಕಂಪನಿಯ ಲಾಭದ ಮೇಲಿನ ವರಮಾನ ತೆರಿಗೆ ಹೇಗಿದ್ದರೂ ದಿಲ್ಲಿಗೆ ಸಲ್ಲತಕ್ಕದ್ದೆಂಬುದೂ ನಿಜ. ಆದರೆ ಯಾವ ಕಾರ್ಖಾನೆಗೆ ಹೊಸ ಯಂತ್ರ, ಯಾವುದಕ್ಕೆ ಬೀಗ ಎಂದು ಸಹಿ ಬೀಳುವುದು ಆ ಮೇಜಿನ ಮೇಲೆಯೇ. ಕಾಣದ ಊರಿನ ಕಾರ್ಮಿಕ ಅಲ್ಲಿ ಬರಿಯ ಅಂಕಿ. ಕಿಟಕಿಯಿಂದ ಕಾಣುವ ಊರಿನ ಕಾರ್ಮಿಕ ಮನುಷ್ಯ. ಮೇಲಾಗಿ ಬ್ಯಾಂಕು, ಲೆಕ್ಕಪರಿಶೋಧಕ, ವಕೀಲ, ಜಾಹೀರಾತಿನವ ಎಲ್ಲರೂ ಕಚೇರಿಯ ಹಿಂದೆಯೇ ಹೋಗುತ್ತಾರೆ. ದೊಡ್ಡ ನಗರ ಇನ್ನೂ ದೊಡ್ಡದಾಗುವುದು, ಜಿಲ್ಲೆಯ ಊರು ಬಡವಾಗುವುದು ಹೀಗೆ.

ಕಾರ್ಮಿಕ ಚಳವಳಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ನಾವು ಹೇಳುವುದಿಲ್ಲ. ಓದುಗರಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ. 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಘೇರಾವ್ ನಡೆದಾಗ ಅನೇಕ ಕಂಪನಿಗಳು ಮುಂಬಯಿ, ದಿಲ್ಲಿಗಳ ಕಡೆ ಮುಖ ಮಾಡಿದವು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಶುರುವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಆದರೆ ಪರೇಲಿನ ಆ ಗಿರಣಿಗಳ ನೆಲದ ಬೆಲೆ ಗಿರಣಿಯ ಬಟ್ಟೆಗಿಂತ ಎಷ್ಟೋ ಪಾಲು ಮೇಲೇರಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಇಂದು ಅಲ್ಲಿ ನಿಂತಿರುವ ಮಾಲುಗಳನ್ನೂ ಗಗನಚುಂಬಿ ಕಟ್ಟಡಗಳನ್ನೂ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಮುಷ್ಕರ ನೆಪವೂ ಆಗಬಹುದು, ಕಾರಣವೂ ಆಗಬಹುದು. ಎಲ್ಲ ಕಡೆಯೂ ಅದೇ ಕಾರಣವೆಂಬುದು ಮಾತ್ರ ಸುಳ್ಳು.

ಸಿಂಗೂರನ್ನು ನೋಡಿ. ಟಾಟಾ ಕಂಪನಿಯ ನ್ಯಾನೋ ಕಾರಿಗೆಂದು ಪಶ್ಚಿಮ ಬಂಗಾಳದ ಸರ್ಕಾರ ಅಲ್ಲಿ 997 ಎಕರೆ ಹಿಡಿಯಿತು. ಒಪ್ಪದ ರೈತರ ನೆಲವನ್ನೂ ಹಿಡಿದದ್ದರಿಂದ ಹೋರಾಟವಾಯಿತು. 2008ರ ಅಕ್ಟೋಬರಿನಲ್ಲಿ ಕಂಪನಿ ಹೊರಟಿತು. ಹೊರಡುತ್ತದೆ ಎಂಬ ಸುದ್ದಿ ಹಬ್ಬುತ್ತಲೇ ಹಲವು ರಾಜ್ಯಗಳು, ನಮ್ಮ ಕರ್ನಾಟಕವೂ ಸೇರಿ, ಕೈಚಾಚಿ ನಿಂತವು. ಗೆದ್ದದ್ದು ಗುಜರಾತು: ಸಾಣಂದದಲ್ಲಿ ಸುಮಾರು 1,100 ಎಕರೆ, ಜೊತೆಗೆ ನೂರಕ್ಕೆ 0.1ರ ಬಡ್ಡಿಯಲ್ಲಿ ಸಾಲ. ನಮ್ಮ ಓದುಗರಲ್ಲಿ ಯಾರಿಗಾದರೂ ಅಂಥ ಬಡ್ಡಿಯಲ್ಲಿ ಸಾಲ ಸಿಕ್ಕಿದ್ದರೆ ದಯವಿಟ್ಟು ಕಚೇರಿಗೆ ಬಂದು ತಿಳಿಸಬೇಕು. ಹತ್ತು ವರ್ಷ ಕಳೆಯುವಷ್ಟರಲ್ಲಿ ನ್ಯಾನೋ ಕಾರೇ ನಿಂತುಹೋಯಿತು. ಸಿಂಗೂರಿನ ನೆಲವನ್ನು ರೈತರಿಗೆ ಹಿಂದಿರುಗಿಸುವಂತೆ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯೊಂದು, ಬಂಗಾಳದ ಕೈಗಾರಿಕಾ ಅಭಿವೃದ್ಧಿ ನಿಗಮವೇ ಕಂಪನಿಗೆ 765.78 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಕೊಡತಕ್ಕದ್ದೆಂದು ತೀರ್ಪಿತ್ತಿತು. ಸರ್ಕಾರ ಮಾತು ತಪ್ಪಿದರೆ ಕಂಪನಿ ಕೇಳಬಹುದಾದಷ್ಟು ಬಿಗಿಯಾದ ಕಾಗದ ಇತ್ತು ಎಂದಾಯಿತು. ಕಂಪನಿ ತಾನಾಗಿ ಊರು ಬಿಟ್ಟರೆ ಊರು ಕೇಳಬಹುದಾದ ಕಾಗದ ಎಲ್ಲಿದೆ?

ನಮಗೆ ಕಾಣುವ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇದೇ. ಕಂಪನಿಯನ್ನು ಹೊರಡಿಸುವುದು ಕೂಲಿಗಾರನ ಕೂಗಿಗಿಂತ ಹೆಚ್ಚಾಗಿ ಪಕ್ಕದ ಸರ್ಕಾರದ ಹರಾಜಿನ ಕೂಗು. 2003ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಮಾಚಲ, ಉತ್ತರಾಖಂಡಗಳಲ್ಲಿ ಕಾರ್ಖಾನೆ ಹಾಕಿದವರಿಗೆ ಹತ್ತು ವರ್ಷ ಅಬಕಾರಿ ಸುಂಕ ಮಾಫಿ ಮಾಡಿದೊಡನೆ ಔಷಧಿ ಕಂಪನಿಗಳು ಬದ್ದಿ ಎಂಬ ಬೆಟ್ಟದ ತಪ್ಪಲಿನ ಊರಿಗೆ ಮುಗಿಬಿದ್ದವು. ಪಂಜಾಬದವರು ನಮ್ಮ ಕಾರ್ಖಾನೆ ಹೋಯಿತೆಂದು ಗೋಳಿಟ್ಟರು. ಬೆಟ್ಟದ ಮೇಲೆ ಕೂಲಿಗಾರ ಬೇರೆ ಜಾತಿಯ ಮನುಷ್ಯನೇನು? 2023ರಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ ಸಾಣಂದಕ್ಕೆ ಚಿಪ್ಪು ಜೋಡಿಸುವ ಕಾರ್ಖಾನೆ ತಂದಾಗಿನ ಲೆಕ್ಕ ಹೀಗಿತ್ತು: ಒಟ್ಟು ವೆಚ್ಚ 275 ಕೋಟಿ ಡಾಲರು, ಅದರಲ್ಲಿ ನೂರಕ್ಕೆ 50 ಕೇಂದ್ರ ಸರ್ಕಾರದ್ದು, 20 ಗುಜರಾತ್ ಸರ್ಕಾರದ್ದು, ಕಂಪನಿಯದು 82.5 ಕೋಟಿ ಡಾಲರಿನ ತನಕ. ನೂರರಲ್ಲಿ ಎಪ್ಪತ್ತು ನಮ್ಮ ನಿಮ್ಮ ಬೊಕ್ಕಸದ್ದು, ಹೆಸರು ಮಾತ್ರ ಕಂಪನಿಯದು. ಮದುವೆಯ ಖರ್ಚೆಲ್ಲ ಹೆಣ್ಣಿನ ಕಡೆಯವರದು, ಗಂಡನ್ನು ಹೊಗಳುವವರು ಮಾತ್ರ ಊರೆಲ್ಲ.

ಇನ್ನು ನಮ್ಮ ಗಡಿಯಾಚೆಯ ಮಾತು. ಹಿರಿಯೂರು ತಾಲ್ಲೂಕಿನ ಧರ್ಮಪುರ ದಾಟಿದರೆ ಆಂಧ್ರ ಬಂತು. ಮಡಕಶಿರಾ, ಅದರಾಚೆಗೆ ಪೆನುಕೊಂಡ. ವಿಜಯನಗರ ಹಾಳಾದ ಮೇಲೆ ಅರಸರು ರಾಜಧಾನಿಯನ್ನೇ ಹೊತ್ತುಕೊಂಡು ಹೋದ ಊರು ಅದು. 2017ರಲ್ಲಿ ಅಲ್ಲಿಗೆ ಕೊರಿಯಾದ ಕಿಯಾ ಕಾರಿನ ಕಂಪನಿ ಬಂದಿತು. ನೆಲ ಸಿದ್ಧಮಾಡಿ ಕೊಟ್ಟರು, ನೀರು ತಂದು ಕೊಟ್ಟರು, ಹೆದ್ದಾರಿ ಬದಿಯಲ್ಲೇ ಇತ್ತು. 2019ರಲ್ಲಿ ಕಾರು ಹೊರಬಂತು. 2020ರ ಫೆಬ್ರವರಿಯಲ್ಲಿ, ಕಂಪನಿ ಅಲ್ಲಿಂದಲೂ ಕಿತ್ತು ತಮಿಳುನಾಡಿಗೆ ಹೋಗುತ್ತದೆಂಬ ಸುದ್ದಿ ಹಬ್ಬಿತು! ಕಂಪನಿಯೂ ಸರ್ಕಾರವೂ ಅದನ್ನು ಅಲ್ಲಗಳೆದವು. ಕಾರ್ಖಾನೆ ಅಲ್ಲಿಯೇ ಉಳಿಯಿತು. ಆದರೆ ಒಂದು ದಿನದ ಸುದ್ದಿಗೆ ಇಡೀ ರಾಜ್ಯ ನಡುಗಿದ್ದು ನಿಜ. ಎಷ್ಟು ಕೊಟ್ಟರೂ ಹೆದರಿಕೆ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲ ಸ್ಥಳೀಯರಿಗೆ ಖಾಸಗಿ ಉದ್ಯೋಗಗಳಲ್ಲಿ ಪಾಲು ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಕಂಪನಿಗಳ ಸಂಘ ಕಣ್ಣು ಕೆಂಪಗೆ ಮಾಡಿತು, ಆಂಧ್ರದ ಮಂತ್ರಿ ನಾರಾ ಲೋಕೇಶರು ನಮ್ಮಲ್ಲಿಗೆ ಬನ್ನಿ ಎಂದರು, ಮಸೂದೆ ಮೂಲೆಗೆ ಹೋಯಿತು. ಮರುವರ್ಷ ಜುಲೈ 15ರಂದು, ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಹೋರಾಡಿ ತಮ್ಮ 1,777 ಎಕರೆಯನ್ನು ಉಳಿಸಿಕೊಂಡ ದಿನವೇ, ಅದೇ ಲೋಕೇಶರು ವಿಮಾನ ಕೈಗಾರಿಕೆಯವರಿಗೆ ಬೆಂಗಳೂರಿನ ಹೊರಗೆ 8,000 ಎಕರೆ ಸಿದ್ಧವಾಗಿದೆಯೆಂದು ಸಾರಿದರು. ಆ 8,000 ಎಕರೆಯ ಹಿಂದೆ ಎಷ್ಟು ರೈತರಿದ್ದರೆಂದು ಯಾರೂ ಕೇಳಲಿಲ್ಲ.

ಅದೇ 2025ರ ಜುಲೈಯಲ್ಲಿ ಇನ್ನೊಂದು ನಡೆಯಿತು. ವರ್ತಕ ಬಂಧುಗಳು ಮರೆತಿರಲಾರರು. ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ಸಾವಿರಾರು ಬೇಕರಿ, ಚಹಾ, ತರಕಾರಿ ಅಂಗಡಿಗಳಿಗೆ ನೋಟೀಸು ಕಳುಹಿಸಿದರು. ಅಂಗಡಿಯವರು ಬೀದಿಗಿಳಿಯುವುದಾಗಿ ಹೇಳಿದ ಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಸಾವಿರ ಎಕರೆಯವನ ಮುಂದೆ ಕೈಮುಗಿದ ಸರ್ಕಾರ, ಹತ್ತಡಿ ಅಂಗಡಿಯವನ ಮುಂದೆ ಮೀಸೆ ತಿರುವಿತು. ಕಾರಣ ಸ್ಪಷ್ಟ. ಹೊಸದುರ್ಗದ ಕೊಬ್ಬರಿ ವರ್ತಕ ಗಂಟು ಕಟ್ಟಿಕೊಂಡು ಗುಜರಾತಿಗೆ ಹೋಗುವುದಿಲ್ಲ.

ಕಾರ್ಖಾನೆ ಬಂದರೆ ತೆರಿಗೆ ಬರುತ್ತದೆ, ಅದಕ್ಕಾಗಿ ರಿಯಾಯಿತಿ ಎನ್ನುವವರಿಗೆ ಒಂದು ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತೆರಿಗೆಯ ರಾಜ್ಯಪಾಲು ಸಲ್ಲುವುದು ಸರಕು ತಯಾರಾದ ರಾಜ್ಯಕ್ಕಲ್ಲ, ಸರಕು ಖರ್ಚಾದ ರಾಜ್ಯಕ್ಕೆ. ಹಿರಿಯೂರಿನಲ್ಲಿ ಮಾಡಿದ ವಸ್ತು ಕಾನಪುರದಲ್ಲಿ ಮಾರಿದರೆ ಪಾಲು ಉತ್ತರ ಪ್ರದೇಶದ್ದು. ಹೀಗಿರಲು ನೆಲ, ನೀರು, ವಿದ್ಯುತ್ ರಿಯಾಯಿತಿಗಳನ್ನು ಕೊಟ್ಟ ರಾಜ್ಯಕ್ಕೆ ಉಳಿಯುವುದು ಮುಖ್ಯವಾಗಿ ಒಂದೇ: ಕೆಲಸ. ಆ ಕೆಲಸವೂ ಗುತ್ತಿಗೆಯದಾಗಿ, ಹೊರಗಿನಿಂದ ಬಸ್ಸಿನಲ್ಲಿ ತಂದಿಳಿಸಿದವರದಾದರೆ ಕೊಟ್ಟದ್ದೆಲ್ಲ ಯಾವ ಲೆಕ್ಕಕ್ಕೆ?

ನಮ್ಮ ಜಿಲ್ಲೆಯ ಸ್ಥಿತಿಯಲ್ಲಿ ಒಂದು ಸೋಜಿಗವಿದೆ. ಓಡಿಹೋಗಬಲ್ಲ ಕಂಪನಿಗೆ ಹೆದರಿ ಕೊಡುತ್ತೇವೆ ಎನ್ನೋಣ. ಓಡಿಹೋಗಲಾರದ್ದರಿಂದ ನಾವು ಏನು ಪಡೆದೆವು? ಹಿರೇಗುಂಟನೂರು, ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರನ್ನು ಯಾರೂ ಆಂಧ್ರಕ್ಕೆ ಸ್ಥಳಾಂತರಿಸಿ ಅಲ್ಲಿ ಅಗೆಯಲಾರರು. ಜೋಗಿಮಟ್ಟಿಯ ಗಾಳಿ ಮಡಕಶಿರಾಕ್ಕೆ ವರ್ಗವಾಗುವುದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಎದ್ದು ನಡೆಯುವುದಿಲ್ಲ. ಆದರೂ ಅದಿರು ಲಾರಿ ಹತ್ತಿ ಹೋಗುತ್ತದೆ, ಧೂಳು ಅಡಿಕೆ ತೋಟದ ಮೇಲೆ ಉಳಿಯುತ್ತದೆ. ಗಾಳಿಯಂತ್ರದ ವಿದ್ಯುತ್ ತಂತಿ ಹಿಡಿದು ಹೋಗುತ್ತದೆ, ಪಂಪ್‌ಸೆಟ್ಟಿನ ರೈತ ರಾತ್ರಿ ಹೊಲದಲ್ಲಿ ಕರೆಂಟು ಕಾಯುತ್ತಾನೆ. ಇಂಗಳಧಾಳದ ತಾಮ್ರದ ಗಣಿ ನಿಂತಿತು. ಹಿರಿಯೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿ ದಶಕಗಳಾದವು. 2022ರಲ್ಲಿ, 1933ರ ನಂತರ ಮೊದಲ ಬಾರಿ, ಜಲಾಶಯ ಕೋಡಿ ಬಿದ್ದಾಗ ನೋಡಲು ಜಾತ್ರೆ ಸೇರಿತೇ ಹೊರತು ಕಬ್ಬು ಅರೆಯಲು ಗಾಣ ಇರಲಿಲ್ಲ. ಇವು ಯಾವುದಕ್ಕೂ ಪಕ್ಕದ ರಾಜ್ಯ ಕಾರಣವಲ್ಲ. ಚೌಕಾಶಿಗೆ ಕೂರಬೇಕಾದ ಜಾಗದಲ್ಲಿಯೂ ನಾವು ಕೂರಲಿಲ್ಲ.

ಕರೆದು ತರುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ರಸ್ತೆ, ರೈಲು, ನೀರು, ನಿಲ್ಲದ ವಿದ್ಯುತ್, ಓದಿ ಕೆಲಸ ಕಲಿತ ಹುಡುಗರು ಇರುವ ಕಡೆಗೆ ಉದ್ಯಮ ಬಂದೇ ಬರುತ್ತದೆ, ಬಂದದ್ದು ಬೇಗ ಏಳುವುದೂ ಇಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗಕ್ಕಾಗಿ ಎಷ್ಟು ವರ್ಷ ಕಾದೆವೆಂಬುದು ಓದುಗರಿಗೆ ಗೊತ್ತು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಸಾರಿದ 5,300 ಕೋಟಿಯ ದಾರಿ ಕಾದದ್ದೂ ಗೊತ್ತು. ರಿಯಾಯಿತಿಗೆಂದು ಚೆಲ್ಲುವ ಹಣವನ್ನು ಹಳಿಗೂ ಕಾಲುವೆಗೂ ಹಾಕಿದರೆ ಕಂಪನಿ ಹೋದರೂ ಅವು ಊರಿನಲ್ಲೇ ಇರುತ್ತವೆ.

ರಿಯಾಯಿತಿ ಕೊಡಲೇಬೇಕಾದರೆ ಕಾಗದದಲ್ಲಿ ಕಿಂಡಿ ಬಿಡಬಾರದು. ಕಿಂಡಿ ಬಿಟ್ಟರೆ ಏನಾಗುತ್ತದೆಂಬುದನ್ನು ಓಬವ್ವನ ಊರಿನವರಿಗೆ ಹೇಳಿಕೊಡಬೇಕೆ? ಇಷ್ಟು ವರ್ಷ ಇಲ್ಲಿ ನಡೆಸಬೇಕು, ಇಷ್ಟು ಜನಕ್ಕೆ ಖಾಯಂ ಕೆಲಸ ಕೊಡಬೇಕು, ಮುಂಚೆಯೇ ಎದ್ದರೆ ಪಡೆದ ಸಹಾಯಧನವನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು, ನೆಲ ಸರ್ಕಾರಕ್ಕೆ ವಾಪಸು ಬರಬೇಕು ಎಂಬುದು ಆ ಕಾಗದದಲ್ಲಿರಬೇಕು, ಅದು ಕನ್ನಡದಲ್ಲಿರಬೇಕು, ಜಿಲ್ಲೆಯ ಜನ ಓದುವಂತಿರಬೇಕು. ದಕ್ಷಿಣದ ರಾಜ್ಯಗಳು ಒಟ್ಟಿಗೆ ಕುಳಿತು, ಇದಕ್ಕಿಂತ ಹೆಚ್ಚು ಯಾರೂ ಕೂಗಬಾರದೆಂದು ಒಂದು ಮಿತಿ ಹಾಕಿಕೊಂಡರೆ ಹರಾಜು ಅಂದೇ ತಣ್ಣಗಾಗುತ್ತದೆ. ಕಾವೇರಿ, ಕೃಷ್ಣೆಗಳಿಗಾಗಿ ಜಗಳವಾಡಲು ಸೇರುವವರು ಇದಕ್ಕೂ ಒಂದು ದಿನ ಸೇರಬಹುದು.

ಕಾನೂನು ಮಾತ್ರ ಬೇರೆ ದಾರಿ ಹಿಡಿದಿದೆ. ನೂರಕ್ಕೆ ಮೇಲ್ಪಟ್ಟು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕೆಂದು ಹಳೆಯ ಕೈಗಾರಿಕಾ ವಿವಾದ ಕಾಯಿದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಆ ಸಂಖ್ಯೆ 300ಕ್ಕೆ ಏರಿತು. ನಮ್ಮ ಎಣ್ಣೆ ಗಿರಣಿ, ಹತ್ತಿ ಗಿರಣಿಗಳಲ್ಲಿ ಮುನ್ನೂರು ಆಳು ಇರುವವು ಎಷ್ಟು? ಪರಿಹಾರವೆಂದರೆ ಒಂದು ವರ್ಷದ ದುಡಿಮೆಗೆ 15 ದಿನದ ಸಂಬಳ. ಇಪ್ಪತ್ತು ವರ್ಷ ದುಡಿದವನಿಗೆ ಹತ್ತು ತಿಂಗಳ ಅನ್ನ.

ಆದರೂ ಇರುವ ಕಾನೂನಿನಲ್ಲಿಯೇ ನಾವು ಬಳಸದೆ ಬಿಟ್ಟ ಒಂದೆರಡು ಆಯುಧಗಳಿವೆ. 2013ರ ಕಂಪನಿ ಕಾಯಿದೆಯ ಪ್ರಕಾರ ನೋಂದಾಯಿತ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಷೇರುದಾರರ ವಿಶೇಷ ನಿರ್ಣಯವೂ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಕಚೇರಿಯ ಸ್ಥಳಾಂತರದಿಂದ ಯಾವ ನೌಕರನನ್ನೂ ತೆಗೆಯುವುದಿಲ್ಲವೆಂದು ನಿರ್ದೇಶಕರು ಪ್ರಮಾಣಪತ್ರ ಕೊಡಬೇಕು. ರಾಜ್ಯದ ಮುಖ್ಯ ಕಾರ್ಯದರ್ಶಿಗೆ ತಿಳಿಸಬೇಕು, ಸಾಲ ಕೊಟ್ಟವರಿಗೆ ತಿಳಿಸಬೇಕು, ಜಿಲ್ಲೆಯಲ್ಲಿ ಓದುವ ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಬಾಧಕವಾಗುವವರು ಆಕ್ಷೇಪಣೆ ಸಲ್ಲಿಸಬಹುದು. ಆ ಪ್ರಕಟಣೆ ಟೆಂಡರುಗಳ ನಡುವೆ ಸಾಸಿವೆಕಾಳಿನಂಥ ಅಕ್ಷರದಲ್ಲಿ ಬರುತ್ತದೆ. ಸಂಜೆಗೆ ಅದೇ ಹಾಳೆಯಲ್ಲಿ ಬೋಂಡಾ ಕಟ್ಟಿಕೊಡುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ನಮಗೆ ಅಭ್ಯಾಸವಾಗಿದೆ.

ನಾಲ್ಕೂ ಊರಿನ ಕಾರ್ಮಿಕ ಸಂಘದವರೂ ವರ್ತಕರ ಸಂಘದವರೂ ಸೇರಿ ಒಬ್ಬ ಓದುಬರಹದ ಹುಡುಗನಿಗೆ ಈ ಕೆಲಸ ವಹಿಸಬಹುದು. ದಿನವೂ ಆ ಸಣ್ಣಕ್ಷರದ ಪುಟ ಓದಿ ಕತ್ತರಿಸಿಡುವುದು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ, ಜಿಲ್ಲೆಯಲ್ಲಿ ಯಾವ ಕಂಪನಿಗೆ ಎಷ್ಟು ಎಕರೆ, ಯಾವ ಷರತ್ತಿನ ಮೇಲೆ ಕೊಟ್ಟಿದೆ, ಎಷ್ಟು ಜನಕ್ಕೆ ಕೆಲಸ ಕೊಡುವುದಾಗಿ ಬರೆದಿತ್ತು, ಎಷ್ಟು ಜನಕ್ಕೆ ಕೊಟ್ಟಿತು ಎಂದು ಕೇಳುವುದು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಲಿ, ಅಚ್ಚು ಹಾಕುತ್ತೇವೆ.